ದುಡ್ಡು ಕೊಟ್ಟು ಕಪ್ಪಾಗುವುದೇ?

‘ಮಗಳು ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಸ್ಪೇನ್ ಪ್ರವಾಸಕ್ಕೆ ಮುಂಚೆ ಗೆಳತಿಯರೆಲ್ಲ ಸನ್‌ಬೆಡ್ ಎಂಬ, ಅತಿನೇರಳೆ ಕಿರಣ ಬೀರುವ ಹಾಸಿಗೆಯಂಥ ಯಂತ್ರದಲ್ಲಿ ಮಲಗಿ ಮೈ ಕಂದು ಮಾಡಿಕೊಳ್ಳುತ್ತಾರಂತೆ. ಆಮೇಲೆ ಬಿಸಿಲು ಸುಡುವುದಿಲ್ಲವಂತೆ, ವಿಟಮಿನ್ ಡಿ ಕೂಡ ಸಿಗುತ್ತದಂತೆ. ನಮ್ಮದು ಹೇಗೂ ಕಂದು ಚರ್ಮ, ಏನೂ ಆಗಲ್ಲ ಬಿಡಮ್ಮ ಅಂತಾಳೆ. ಹೌದೇ?’
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ:

ಪತ್ರ ಓದಿ ಮೊದಲು ನಗು ಬಂತು. ಇಲ್ಲಿ ಮದುವೆಗೆ ಮುಂಚೆ ಬೆಳ್ಳಗಾಗಲು ಕ್ರೀಮು, ಅಲ್ಲಿ ರಜೆಗೆ ಮುಂಚೆ ಕಪ್ಪಾಗಲು ಮೆಷಿನ್ನು!

ಆದರೆ ಮೈ ಕಂದಾಗುವುದು ಆರೋಗ್ಯದ ಕಳೆಯಲ್ಲ, ಚರ್ಮಕ್ಕೆ ಪೆಟ್ಟು ಬಿದ್ದ ಗುರುತು. ಅತಿನೇರಳೆ ಕಿರಣ ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ. ಇನ್ನಷ್ಟು ಕೆಡದಿರಲಿ ಎಂದು ಚರ್ಮ ತನಗೆ ಬಣ್ಣ ಕೊಡುವ ಮೆಲನಿನ್ ಹೆಚ್ಚಿಸಿಕೊಳ್ಳುತ್ತದೆ. ಅಂದರೆ ನೆನೆದ ಮೇಲೆ ಬಿಚ್ಚಿದ ಕೊಡೆ. ಅದೂ ತೂತು ಕೊಡೆ. ಹೀಗೆ ಬಂದ ಬಣ್ಣ ಕೊಡುವ ರಕ್ಷಣೆ ಹೆಚ್ಚೆಂದರೆ ಎಸ್‌ಪಿಎಫ್ (ಬಿಸಿಲಿನ ಸುಡುವಿಕೆ ತಡೆಯುವ ಶಕ್ತಿಯ ಅಳತೆ) 3–4ರಷ್ಟು. ಅಂಗಡಿಯಲ್ಲಿ 30ರ ಸನ್‌ಸ್ಕ್ರೀನ್ ಸಿಗುತ್ತದಲ್ವಾ?

ವಿಟಮಿನ್ ಡಿ ಮಾತು ಸುಮ್ನೆ ವ್ಯಾಪಾರದ್ದು. ಚರ್ಮದಲ್ಲಿ ಅದನ್ನು ತಯಾರಿಸುವುದು ಅತಿನೇರಳೆಯಲ್ಲಿ ಯುವಿಬಿ ಎಂಬ ಬಗೆಯ ಕಿರಣ. ಸನ್‌ಬೆಡ್‌ನಿಂದ ಬರುವುದು ಬಹುಪಾಲು ಯುವಿಎ ಎಂಬ ಇನ್ನೊಂದು ಬಗೆ. ಅದು ಚರ್ಮದ ಆಳಕ್ಕಿಳಿದು ಬೇಗ ಸುಕ್ಕು ತರುತ್ತದೆ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಮಾತ್ರೆ ಸಾಕು ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ.

2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಯಂತ್ರಗಳನ್ನು ತಂಬಾಕಿನ ಸಾಲಿಗೇ ಸೇರಿಸಿತು. ಎರಡೂ ಒಂದೇ ಪ್ರಮಾಣದಲ್ಲಿ ಅಪಾಯ ಅಂತಲ್ಲ. ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಸಾಕ್ಷಿ ಅಷ್ಟೇ ಗಟ್ಟಿಯಾಗಿದೆ ಅಂತ. ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿದವರಿಗೆ ಮೆಲನೋಮಾ ಎಂಬ ಮಾರಕ ಚರ್ಮದ ಕ್ಯಾನ್ಸರ್‌ನ ಭಯ ಇನ್ನೂ ಜಾಸ್ತಿ. ಅದೇ ವರ್ಷ ಬ್ರೆಜಿಲ್ ಇವನ್ನು ನಿಷೇಧಿಸಿತು. ಆಮೇಲೆ ಆಸ್ಟ್ರೇಲಿಯಾ ಸನ್‌ಬೆಡ್ ಅಂಗಡಿಗಳಿಗೆ ಬೀಗ ಹಾಕಿಸಿತು. ಇಂಗ್ಲೆಂಡಿನಲ್ಲಿ 2011ರಿಂದ ಹದಿನೆಂಟರ ಒಳಗಿನವರಿಗೆ ಮಾತ್ರ ತಡೆ. ನಿಮ್ಮ ಮಗಳನ್ನು ಅಂಗಡಿಯವರು ತಡೆಯುವುದಿಲ್ಲ.

ಇನ್ನು ಕಂದು ಚರ್ಮ. ಮಗಳ ಮಾತು ಅರ್ಧ ನಿಜ. ಬಿಳಿಯರಿಗಿಂತ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ತುಂಬಾ ಕಡಿಮೆ. ಆದರೆ ‘ನಮಗೆ ಬರಲ್ಲ’ ಅಂತ ಕೂತವರಲ್ಲಿ ಅದು ತಡವಾಗಿ ಪತ್ತೆಯಾಗುತ್ತದೆ. ಕಪ್ಪು ಚರ್ಮದವರಲ್ಲಿ ಮೆಲನೋಮಾ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿ ಅಡಗಿರುತ್ತದೆ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನಡಿ ಶುರುವಾಯಿತು. 1981ರಲ್ಲಿ ತೀರಿಕೊಂಡಾಗ ವಯಸ್ಸು 36. ಆ ಬಗೆಯ ಮೆಲನೋಮಾಗೆ ಬಿಸಿಲು ಕಾರಣವಲ್ಲ, ನಿಜ. ಆದರೂ ಉಗುರಿನಲ್ಲಿ ಹೊಸ ಕಪ್ಪು ಗೆರೆ ಕಂಡರೆ ತೋರಿಸಲಿ.

ಗೆಳತಿಯರು ದುಡ್ಡು ಕೊಟ್ಟು ಬಯಸುವ ಬಣ್ಣ ಅವಳಿಗೆ ಹುಟ್ಟುತ್ತಲೇ ಬಂದಿದೆ. ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ ಸ್ಪೇನಿಗೆ ಹೋಗಿ ಬರಲಿ. ವಾಪಸ್ ಊರಿಗೆ ಬಂದಾಗ ಮಾತ್ರ ‘ಎಷ್ಟು ಕಪ್ಪಾಗಿದ್ದೀಯೇ!’ ಅಂತ ನೀವು ರಾಗ ಎಳೆಯಬೇಡಿ.