‘ತಿಂಡಿ’ ಅಂದರೆ ಯಾವ ತಿಂಡಿ?

ಪ್ರಶ್ನೆ: ಗೃಹವಿಜ್ಞಾನದಲ್ಲಿ ಎಂ.ಎಸ್ಸಿ ಮಾಡುತ್ತಿದ್ದೇನೆ. ಎಪಿಎಂಸಿ ಹಮಾಲರು ಮತ್ತು ಅಲ್ಲಿನ ಗುಮಾಸ್ತರ ಆಹಾರ ಕ್ರಮ ನನ್ನ ಪ್ರಬಂಧದ ವಿಷಯ. ನಮೂನೆಯಲ್ಲಿ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಸಂಜೆ ತಿಂಡಿ, ರಾತ್ರಿ ಊಟ ಎಂದು ನಾಲ್ಕು ಕಾಲಂ ಇಟ್ಟೆ. ಹತ್ತು ಜನರನ್ನು ಕೇಳುವಷ್ಟರಲ್ಲೇ ಸಿಕ್ಕುಬಿದ್ದಿದ್ದೇನೆ. ಸಂಜೆಯ ಮಂಡಕ್ಕಿ-ಮಿರ್ಚಿ ತಿಂಡಿಯೋ ಊಟವೋ? ಹನ್ನೊಂದು ಗಂಟೆಯ ಬೆಣ್ಣೆ ದೋಸೆ ಎಲ್ಲಿಗೆ ಸೇರುತ್ತದೆ?
– ಓದುಗರು, ದಾವಣಗೆರೆ

ಉತ್ತರ: ಆ ನಾಲ್ಕು ಕಾಲಂ ತೆಗೆದುಹಾಕಿ. ಮೊದಲು ತಿಂದದ್ದನ್ನೆಲ್ಲ ಬರೆದುಕೊಳ್ಳಿ, ವಿಂಗಡಣೆ ಆಮೇಲೆ.

ನಮ್ಮ ಮಾತಿನಲ್ಲಿ ಬೆಳಗಿನ ಉಪ್ಪಿಟ್ಟೂ ತಿಂಡಿ, ಸಂಜೆಯ ಮಿರ್ಚಿಯೂ ತಿಂಡಿ. ‘ಊಟ’ ಅನ್ನಿಸಿಕೊಳ್ಳಬೇಕಾದರೆ ಮುದ್ದೆ, ರೊಟ್ಟಿ ಇಲ್ಲವೇ ಅನ್ನ ಇರಬೇಕು. ಸೋಮವಾರ ಒಪ್ಪತ್ತು ಮಾಡುವವರು ‘ಇವತ್ತು ಮಧ್ಯಾಹ್ನ ಊಟ ಇಲ್ರೀ’ ಅನ್ನುತ್ತಾರೆ. ಎರಡು ಬಟ್ಟಲು ಅವಲಕ್ಕಿ, ಮೂರು ಬಾಳೆಹಣ್ಣು ತಿಂದಿರುತ್ತಾರೆ. ‘ಊಟಕ್ಕೆ ಏನಿತ್ತು?’ ಎಂದು ಕೇಳಿದರೆ ಇದೆಲ್ಲ ತಪ್ಪಿಹೋಗುತ್ತದೆ. ‘ನಿನ್ನೆ ಎದ್ದಾಗಿಂದ ಮಲಗೋವರೆಗೂ ಏನೇನು ತಿಂದ್ರಿ, ಏನೇನು ಕುಡಿದ್ರಿ?’ ಎಂದು ಕೇಳಿ, ನಡುವೆ ಬಾಯಿ ಹಾಕಬೇಡಿ. ಅವರು ಮುಗಿಸಿದ ಮೇಲೆ ಮರೆತುಹೋಗುವಂಥವನ್ನು ಒಂದೊಂದಾಗಿ ಕೆದಕಿ: ಚಹಾ, ಬಜ್ಜಿ, ಹಣ್ಣು, ಗುಡಿಯ ಪ್ರಸಾದ. ಆಮೇಲೆ ಪ್ರತಿಯೊಂದಕ್ಕೂ ಶುರುವಾದ ಮತ್ತು ಮುಗಿದ ಹೊತ್ತು, ಪ್ರಮಾಣ, ತಿಂದ ಜಾಗ ಕೇಳಿ. ಅದಕ್ಕೆ ಅವರೇ ಕೊಟ್ಟ ಹೆಸರನ್ನು ತಿದ್ದದೆ ಬರೆಯಿರಿ. ಕೊನೆಗೆ ಪೂರ್ತಿ ಓದಿ ಹೇಳಿ. ಬಿಟ್ಟುಹೋದದ್ದು ಸಾಮಾನ್ಯವಾಗಿ ಆಗಲೇ ನೆನಪಾಗುವುದು.

ಈಗ ವಿಂಗಡಣೆ. ಮೊದಲು ದಿನವನ್ನು ‘ತಿಂದ ಸಲ’ಗಳಾಗಿ ಒಡೆಯಿರಿ. ಸಂಶೋಧಕರಲ್ಲಿ ಹೆಚ್ಚು ಬಳಕೆಯಲ್ಲಿರುವ ನಿಯಮ ಎರಡು ಷರತ್ತಿನದು: ಕನಿಷ್ಠ 50 ಕಿಲೋಕ್ಯಾಲರಿ ಇರಬೇಕು, ಹಿಂದಿನ ಸಲಕ್ಕೂ ಇದಕ್ಕೂ ಕನಿಷ್ಠ 15 ನಿಮಿಷದ ಅಂತರ ಇರಬೇಕು. 5.30ಕ್ಕೆ ಮಂಡಕ್ಕಿ ಮುಗಿಸಿ 5.40ಕ್ಕೆ ಚಹಾ ಕುಡಿದರೆ ಅದು ಒಂದೇ ಸಲ. ಅಂತರವನ್ನು ಒಂದು ಮುಗಿದಲ್ಲಿಂದ ಇನ್ನೊಂದು ಶುರುವಾಗುವವರೆಗೆ ಎಣಿಸಿ. ಶುರುವಿನಿಂದ ಶುರುವಿಗೆ ಎಣಿಸಿದರೆ, ಹರಟುತ್ತಾ ಅರ್ಧ ಗಂಟೆ ಮಂಡಕ್ಕಿ ತಿಂದವನ ಕೊನೆಯ ಚಹಾ ಬೇರೆ ಸಲವಾಗಿಬಿಡುತ್ತದೆ.

50ರ ಗೆರೆಯ ಹತ್ತಿರ ಎಚ್ಚರ. 60 ಮಿಲಿ ಹಾಲು, ಎರಡು ಚಮಚ (10 ಗ್ರಾಂ) ಸಕ್ಕರೆಯ ಚಹಾದಲ್ಲಿ ಸುಮಾರು 80 ಇರುತ್ತದೆ. ಅದನ್ನೇ ಬೈ-ಟು ಮಾಡಿದರೆ 40, ಲೆಕ್ಕದಿಂದ ಹೊರಗೆ. ದಿನಕ್ಕೆ ಆರು ಬೈ-ಟು ಕುಡಿಯುವ ಹಮಾಲರಿಗೆ ಹೀಗೆ 240 ಕಿಲೋಕ್ಯಾಲರಿ ಮಾಯವಾಗುತ್ತದೆ. ಸಲಗಳ ಎಣಿಕೆಯಿಂದ ಬಿಟ್ಟರೂ ದಿನದ ಒಟ್ಟು ಮೊತ್ತದಿಂದ ಬಿಡಬೇಡಿ.

ಊಟ ಯಾವುದು, ತಿಂಡಿ ಯಾವುದು ಎನ್ನುವುದಕ್ಕೆ ಗಡಿಯಾರವನ್ನು ನಂಬಬೇಡಿ. ನಸುಕಿನಲ್ಲೇ ಲಾರಿ ಇಳಿಸಲು ಹೋದವನಿಗೆ ಹನ್ನೊಂದರ ಬೆಣ್ಣೆ ದೋಸೆಯೇ ದಿನದ ಮೊದಲ ಗಟ್ಟಿ ಆಹಾರ ಆಗಿರಬಹುದು. ದಿನದ ಒಟ್ಟು ಶಕ್ತಿಯಲ್ಲಿ ಶೇ 15 ಅಥವಾ ಹೆಚ್ಚು ಸಿಕ್ಕಿದ್ದನ್ನು ಊಟ ಎನ್ನುವುದು ಒಂದು ದಾರಿ. ಒಂದು ತಟ್ಟೆ ಮಂಡಕ್ಕಿ-ಮಿರ್ಚಿ ನಿಮ್ಮ ಲೆಕ್ಕದಲ್ಲಿ 350 ಬಂತು ಎನ್ನಿ. ದಿನಕ್ಕೆ 2,800 ತಿನ್ನುವ ಹಮಾಲನಿಗೆ ಗೆರೆ 420, ಹಾಗಾಗಿ ಅದು ತಿಂಡಿ. 1,800 ತಿನ್ನುವ ಗುಮಾಸ್ತನಿಗೆ ಗೆರೆ 270, ಅದೇ ತಟ್ಟೆ ಊಟ. ಇದು ತಪ್ಪಲ್ಲ, ಆದರೆ ಅವರು ಕೊಟ್ಟ ಹೆಸರಿನ ಪ್ರಕಾರವೂ ಇನ್ನೊಂದು ಪಟ್ಟಿ ಮಾಡಿ ಎರಡನ್ನೂ ಕೊಡಿ. ಎಲ್ಲಿ ಎರಡೂ ಬೇರೆಯಾಗುತ್ತವೋ ಅಲ್ಲೇ ನಿಮ್ಮ ಪ್ರಬಂಧದ ತಿರುಳಿದೆ.

ಮಿರ್ಚಿಯ ಗಾತ್ರ, ಎಣ್ಣೆ ಅಂಗಡಿಗೊಂದು ಥರ. ಮೂರು ಅಂಗಡಿಯಿಂದ ಐದೈದು ಕೊಂಡು ತೂಗಿ, ಸರಾಸರಿ ಹಿಡಿಯಿರಿ. ಪದಾರ್ಥಗಳ ಶಕ್ತಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆ ಕೋಷ್ಟಕ ಸಾಕು.

ಈಗಾಗಲೇ ತುಂಬಿದ ಹತ್ತು ನಮೂನೆಗಳಲ್ಲಿ ಹೊತ್ತು ಬರೆದಿಲ್ಲದಿದ್ದರೆ ಊಹಿಸಿ ಸೇರಿಸಬೇಡಿ. ಆ ಹತ್ತು ಜನರ ಬಳಿ ಮತ್ತೆ ಹೋಗಿ, ಹೊಸದಾಗಿ ನಿನ್ನೆಯದನ್ನು ಕೇಳಿ.