'ಸುನಾ ನೊ ಉತ್ಸುವಾ': ಕೊಲೆಗಾರ ಗೊತ್ತಾದ ಮೇಲೂ ಚಿತ್ರ ಏಕೆ ಮುಗಿಯುವುದಿಲ್ಲ?

ಯೋಶಿತಾರೋ ನೊಮುರಾ ನಿರ್ದೇಶಿಸಿದ 1974ರ ಈ ಜಪಾನಿ ಚಿತ್ರದಲ್ಲಿ ಅಪರಾಧಿ ಯಾರೆಂದು ತಿಳಿದ ಮೇಲೂ ಬಹು ಹೊತ್ತು ಸಂಗೀತವೇ ನಡೆಯುತ್ತದೆ, ಪತ್ತೇದಾರಿ ಚಿತ್ರಕ್ಕೆ ಇದು ದೋಷವಲ್ಲವೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಇಡೀ ಚಿತ್ರ ಇರುವುದೇ ಆ ಭಾಗಕ್ಕಾಗಿ. ಉತ್ತರದಲ್ಲಿ ಕಥೆಯ ಗುಟ್ಟು ಬಯಲಾಗುತ್ತದೆ, ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಸೈಚೋ ಮಾತ್ಸುಮೊಟೊ ಅವರ ಮೂಲ ಕಾದಂಬರಿ 1960-61ರಲ್ಲಿ ಯೊಮಿಯುರಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಟೋಕಿಯೊದ ಕಾಮಾತಾ ರೈಲ್ವೆ ಯಾರ್ಡಿನಲ್ಲಿ ಸಿಕ್ಕ ಗುರುತಿಲ್ಲದ ಶವ, ಬಾರಿನಲ್ಲಿ ಯಾರೋ ಕೇಳಿಸಿಕೊಂಡ 'ಕಾಮೆದಾ' ಎಂಬ ಮಾತು, ಅದರ ಬೆನ್ನು ಹತ್ತಿ ಇಮಾನಿಶಿ ಎಂಬ ಪತ್ತೇದಾರ ಮೊದಲು ಅಕಿತಾಕ್ಕೆ ಹೋಗಿ ಬರಿಗೈಲಿ ಮರಳಿ, ಕೊನೆಗೆ ಇಜುಮೊ ಸೀಮೆಯ ಕಾಮೆದಾಕೆ ಎಂಬ ಊರನ್ನು ತಲುಪುವುದು, ಇವೆಲ್ಲ ಚಿತ್ರದಲ್ಲಿಯೂ ಇವೆ. ಆದರೆ ಕಾದಂಬರಿಯಲ್ಲಿ ಕೊಲೆಗಾರ ವಾಗಾ ವಿದ್ಯುನ್ಮಾನ ಸಂಗೀತದ ಪ್ರಯೋಗಶೀಲ, ಅಲ್ಲಿ ಶಬ್ದವೇ ಕೊಲ್ಲುವ ಸಾಧನವೂ ಆಗುತ್ತದೆ. ಚಿತ್ರಕಥೆ ಬರೆದ ಶಿನೊಬು ಹಾಶಿಮೊಟೊ ಮತ್ತು ಯೋಜಿ ಯಮಾದಾ ಅದನ್ನು ಕೈಬಿಟ್ಟು, ಅವನನ್ನು ಪಿಯಾನೊ ನುಡಿಸುವ ಸಂಗೀತಗಾರನನ್ನಾಗಿ ಮಾಡಿದರು. ಇದು ಸಣ್ಣ ಬದಲಾವಣೆಯಲ್ಲ.

ಕೊನೆಯ ಭಾಗದಲ್ಲಿ ಮೂರು ಸಂಗತಿಗಳು ಒಟ್ಟಿಗೆ ಸಾಗುತ್ತವೆ: ಇಮಾನಿಶಿ ಪೊಲೀಸ್ ಸಭೆಯಲ್ಲಿ ತನಿಖೆಯ ವಿವರ ಒಪ್ಪಿಸುತ್ತಾನೆ, ವಾಗಾ ತುಂಬಿದ ಸಭಾಂಗಣದಲ್ಲಿ ತನ್ನ ಹೊಸ ಕೃತಿಯನ್ನು ನುಡಿಸುತ್ತಾನೆ, ವರ್ಷಗಳ ಹಿಂದಿನ ದೃಶ್ಯಗಳಲ್ಲಿ ಕುಷ್ಠರೋಗಿ ತಂದೆ ಮತ್ತು ಚಿಕ್ಕ ಹುಡುಗನಾಗಿದ್ದ ವಾಗಾ ಯಾತ್ರಿಕರ ವೇಷದಲ್ಲಿ ಹಿಮ, ಕಡಲತೀರ, ಹೂಬಿಟ್ಟ ಹಳ್ಳಿಗಳನ್ನು ದಾಟುತ್ತಾರೆ. ಕಾದಂಬರಿಯಲ್ಲಿ ಈ ಅಲೆದಾಟಕ್ಕೆ ಹೆಚ್ಚು ಜಾಗವೇ ಇಲ್ಲ. ಚಿತ್ರವಾದರೋ ಅದನ್ನು ಋತುವಿನಿಂದ ಋತುವಿಗೆ, ಬಹುಪಾಲು ಮಾತಿಲ್ಲದೆ, ನಮ್ಮ ಕಣ್ಣೆದುರಿಗೇ ನಡೆಸುತ್ತದೆ. ತಂದೆಯನ್ನು ಆಸ್ಪತ್ರೆಗೆ ಒಯ್ಯುವ ದಿನ ಹುಡುಗ ಹಳಿಯ ಗುಂಟ ಓಡಿ ಬಂದು ನಿಲ್ದಾಣದಲ್ಲಿ ಅವನನ್ನು ತಬ್ಬಿಕೊಳ್ಳುವ ದೃಶ್ಯವನ್ನು ನೋಡಿದವರು ಮರೆಯುವುದು ಕಷ್ಟ. ಅವರನ್ನು ಬೇರ್ಪಡಿಸಿದ್ದೂ, ಹುಡುಗನನ್ನು ಸಾಕಲು ಮುಂದಾದದ್ದೂ ಕರುಣಾಳುವಾದ ಒಬ್ಬ ಹಳ್ಳಿ ಪೊಲೀಸ್. ಕೊಲೆಯಾದವನು ಅವನೇ.

ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಕಾದಂಬರಿಯಲ್ಲಿ ಸತ್ತುಹೋಗಿರುವ ತಂದೆ ಚಿತ್ರದಲ್ಲಿ ಬದುಕಿದ್ದಾನೆ, ಇಮಾನಿಶಿ ಮಗನ ಫೋಟೊ ತೋರಿಸಿದಾಗ ಬಿಕ್ಕಿ ಅಳುತ್ತಲೇ ಇಂಥವನನ್ನು ತಾನರಿಯೆ ಎನ್ನುತ್ತಾನೆ. ವಾಗಾನಿಗೆ ತಂದೆಯನ್ನು ಕಾಣುವ ಆಸೆ ಇರಲಿಲ್ಲವೇ ಎಂದು ಕಿರಿಯ ಪತ್ತೇದಾರ ಕೇಳಿದರೆ, ಅವನು ಇನ್ನು ಸಂಗೀತದಲ್ಲಿ ಮಾತ್ರ ತಂದೆಯನ್ನು ಕಾಣಬಲ್ಲ ಎಂಬರ್ಥದ ಉತ್ತರ ಇಮಾನಿಶಿಯದು. ಸಂಗೀತ ಅಷ್ಟು ದೀರ್ಘವಾಗಿರುವುದಕ್ಕೆ ಚಿತ್ರವೇ ಕೊಡುವ ಕಾರಣ ಇದು. ಸಭೆಯ ದೃಶ್ಯದಲ್ಲಿ ಕಣ್ಣೀರು ತುಸು ಹೆಚ್ಚಾಯಿತೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೆ ಉದ್ದದ ಬಗೆಗಿನ ಆಕ್ಷೇಪವನ್ನಲ್ಲ.

ತಾನು ಕುಷ್ಠರೋಗಿಯ ಮಗನೆಂಬುದನ್ನು ಮುಚ್ಚಿಡಲು ವಾಗಾ ಕೊಲೆ ಮಾಡುವುದು ಇಂದು ನಂಬಲಾಗದಂತೆ ತೋರಬಹುದು. ರೋಗ ವಾಸಿಮಾಡುವ ಔಷಧ ಬಂದು ದಶಕಗಳಾದರೂ, ರೋಗಿಗಳನ್ನು ದೂರವಿಡುವ ಕಾನೂನನ್ನು ಜಪಾನ್ ರದ್ದುಮಾಡಿದ್ದು 1996ರಲ್ಲಿ, ಈ ಚಿತ್ರ ಬಿಡುಗಡೆಯಾಗಿ 22 ವರ್ಷಗಳ ನಂತರ.