ಆ ಮೂರು ಚೀಲದಾಗ ಏನಿತ್ತು?

ಈ ಅಂಕಣಕ್ಕೆ ಕೊಪ್ಪಳದ ಭಾಗ್ಯನಗರದಿಂದ ಬಂದ ಪತ್ರ. ನಾಲ್ಕು ಪುಟ. ಎಷ್ಟು ಒತ್ತಿ ಬರೆದಿದ್ದಾರೆ ಅಂದರೆ ಹಾಳೆಯ ಹಿಂಬದಿ ಕೈಯಾಡಿಸಿದರೆ ಅಕ್ಷರ ಬೆರಳಿಗೆ ಸಿಗುತ್ತವೆ.

ಬರೆದವರಿಗೆ ಮದುವೆಯಾಗಿ ಹನ್ನೊಂದು ವರ್ಷ. ಮೂರು ಖೋಲಿಯ ಮನೆ, ಗಂಡ, ಇಬ್ಬರು ಮಕ್ಕಳು, ಎಪ್ಪತ್ತರ ಆಸುಪಾಸಿನ ಅತ್ತೆ. ಅತ್ತೆ ಏನನ್ನೂ ಎಸೆಯುವವರಲ್ಲ. ಖಾಲಿ ಎಣ್ಣೆ ಡಬ್ಬಿ, ಗೊಬ್ಬರದ ಚೀಲ, ಹಿಡಿಕೆ ಮುರಿದ ಕಪ್ಪು, ಮದುವೆ ಕುಬಸಗಳಲ್ಲಿ ಉಡಿಗೆ ಬಿದ್ದ ಜಂಪರ್ ಪೀಸು, ಕೊನೆಗೆ ತಲೆ ಬಾಚಿದಾಗ ಉದುರಿದ ಕೂದಲನ್ನೂ ಉಂಡೆ ಸುತ್ತಿ ಕವರಿನಲ್ಲಿ ಇಡುತ್ತಾರೆ. ಒಂದು ಖೋಲಿ ತುಂಬಿ, ಪಡಸಾಲೆಗೂ ಬಂದಿದೆ. ಗ್ಯಾಸ್ ಕಟ್ಟೆಯ ಮೇಲೆ ಪರಾತ ಇಡಲು ಜಾಗವಿಲ್ಲ, ಸೊಸೆ ನೆಲದ ಮೇಲೆ ಕೂತು ಹಿಟ್ಟು ನಾದುತ್ತಾರೆ. ವಿಡಿಯೋ ನೋಡಿ ದಿನಕ್ಕೆ ಹದಿನಾಲ್ಕು ಕೆಲಸದ ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದರಂತೆ, ನಾಲ್ಕನೇ ದಿನ ನಿಂತಿತು. ಪ್ಲಾಸ್ಟಿಕ್ ಬುಟ್ಟಿ, ಮುಚ್ಚಳದ ಡಬ್ಬಿ ತರಿಸಿದರಂತೆ, ಅವೂ ತುಂಬಿದವು. ಕೇಳಿದ ಪ್ರಶ್ನೆ ಎರಡು. ಅತ್ತೆಗೆ ‘ಹೋರ್ಡಿಂಗ್ ಡಿಸಾರ್ಡರ್’, ಅಂದರೆ ಏನನ್ನೂ ಎಸೆಯಲಾಗದೆ ಕೂಡಿಡುವ ಕಾಯಿಲೆ, ಇದೆಯೇ? ಮನೆ ಒಪ್ಪವಾಗಿ ಇಡುವ ಅಭ್ಯಾಸ ನನಗೇಕೆ ಹತ್ತುತ್ತಿಲ್ಲ?

ಮೂರು ಸಲ ಓದಿದೆ. ಮೂರು ಸಲ ಓದಿದ ಮೇಲೆ ‘ನೀವು’ ಅನ್ನೋದು ಬಾಯಿಗೆ ಬರುತ್ತಿಲ್ಲ ತಂಗಿ, ‘ನೀನು’ ಅಂತೀನಿ. ಬೇಜಾರಾಗಬೇಡ. ಬೇಜಾರಾಗೋ ಮಾತು ಮುಂದೆ ಬೇಕಾದಷ್ಟಿವೆ.

ಎರಡನೇ ಪುಟದ ಕೆಳಗೆ ಒಂದು ಸಾಲು ಬರೆದಿದ್ದೀಯ. ‘ಹೋದ ವರ್ಷ ಅತ್ತೆ ತಮ್ಮನ ಮಗಳ ಮದುವೆಗೆ ಸಿಂಧನೂರಿಗೆ ಹೋದಾಗ ಒಂದು ಮೂರು ಚೀಲ ಹಳೇ ಅರಿಬಿ ಗುಜರಿಗೆ ಹಾಕಿದ್ವಿ, ಅದನ್ನೂ ದೊಡ್ಡದು ಮಾಡಿದ್ರು.’ ಅಷ್ಟು ಹೇಳಿ ಜಿರಳೆಯ ವಿಷಯಕ್ಕೆ ಹೋಗಿಬಿಟ್ಟಿದ್ದೀಯ. ನಾಲ್ಕನೇ ಪುಟದಲ್ಲಿ ಇನ್ನೊಂದು ದೂರು: ‘ಈಗ ಮನೆ ಬಿಟ್ಟು ಕದಲೋದೇ ಇಲ್ಲ. ಹುಣ್ಣಿಮೆಗೆ ತಪ್ಪದೇ ಹುಲಿಗಿಗೆ ಹೋಗೋರು, ಅದನ್ನೂ ಬಿಟ್ಟಾರ. ಖೋಲಿಗೆ ಕೀಲಿ ಹಾಕಿ ಕೀಲಿಕೈ ಸೊಂಟಕ್ಕೆ ಸಿಗಿಸ್ಕೊಂಡೇ ಮಲಗ್ತಾರ.’

ಈ ಎರಡು ಸಾಲಿನ ನಡುವೆ ಎರಡು ಪುಟ ಅಂತರ ಇದೆ. ನೀನು ಕೂಡಿಸಿ ಓದಿಲ್ಲ, ನಾನು ಓದಿದೆ. ಆ ಮುದುಕಿ ಒಂದು ಮದುವೆಗೆ ಹೋಗಿ ಬರುವಷ್ಟರಲ್ಲಿ ಮೂರು ಚೀಲ ಮಾಯವಾದವು. ಇನ್ನು ಹುಲಿಗೆಮ್ಮನ ದರ್ಶನಕ್ಕೆ ಹೋದರೆ ಎಷ್ಟು ಚೀಲ ಹೋಗ್ತಾವೋ ಅಂತ ಕಾವಲು ಕೂತಿದ್ದಾರೆ. ಕಾವಲು ಕೂತವರು ಒಂದು ಖಾಲಿ ಡಬ್ಬಿಯನ್ನಾದರೂ ಬಿಟ್ಟುಕೊಡ್ತಾರೇನು?

ಆ ಚೀಲದಲ್ಲಿ ಏನಿತ್ತು ಅಂತ ನೀನು ಬರೆದಿಲ್ಲ. ‘ಹಳೇ ಅರಿಬಿ’ ಅಂತ ಇದೆ. ನಾನು ಹೇಳಲಾ? ಹತ್ತಿ ಸೀರೆ. ಮೆತ್ತಗಾದವು, ಅಂಚು ಸವೆದವು, ಮಾವನ ಒಂದೆರಡು ಧೋತರ. ಕೌದಿಗೆ ಅಂತ ಎತ್ತಿಟ್ಟಿದ್ದವು. ಪಾಲಿಸ್ಟರ್ ಕೌದಿಗೆ ಬರೋದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ, ಹೊದ್ದರೆ ಬೆವರು ಹೀರೋದಿಲ್ಲ. ಹತ್ತಿಯದೇ ಬೇಕು, ಅದೂ ಉಟ್ಟು ಉಟ್ಟು ಹದವಾದದ್ದು. ಈಗಿನ ಮನೆಗಳಲ್ಲಿ ಹತ್ತಿ ಸೀರೆ ಉಡೋರು ಎಷ್ಟು ಮಂದಿ? ಒಂದು ದಪ್ಪ ಕೌದಿಗೆ ಸಾಕಾಗುವಷ್ಟು ಕೂಡಿಸಲು ವರ್ಷಗಟ್ಟಲೆ ಹಿಡಿಯುತ್ತದೆ ತಂಗಿ.

ಇಷ್ಟು ಖಾತ್ರಿಯಾಗಿ ಹೇಳೋದಕ್ಕೆ ಕಾರಣ ಇದೆ. ಹೊಸ ಮನೆಗೆ ಹೋದ ಹುರುಪಿನಲ್ಲಿ ನಾನೂ ಇದೇ ಮಾಡಿದವಳು. ನಮ್ಮವ್ವನ ಗಂಟೊಂದನ್ನು, ಅವ್ವ ಬಾವಿಯಿಂದ ನೀರು ತರೋದಕ್ಕೆ ಹೋದ ಹೊತ್ತಿನಲ್ಲಿ, ಹಳೇ ಬಟ್ಟೆಗೆ ಪಾತ್ರೆ ಕೊಡೋ ಹೆಣ್ಣುಮಗಳ ಬುಟ್ಟಿಗೆ ಹಾಕಿ ಒಂದು ಸ್ಟೀಲ್ ಬಕೆಟ್ ತಗೊಂಡೆ. ಅವ್ವ ಒಂದು ಮಾತೂ ಆಡಲಿಲ್ಲ. ಬಕೆಟ್ಟನ್ನು ಬಚ್ಚಲ ಮೂಲೆಗೆ ಸರಿಸಿದಳು. ಇರೋತನಕ ಆ ಬಕೆಟ್ಟಿನ ನೀರು ಮೈಗೆ ಹಾಕಿಕೊಳ್ಳಲಿಲ್ಲ. ಅದು ಈಗಲೂ ನಮ್ಮ ಹಿತ್ತಲಲ್ಲಿದೆ, ತಳ ತೂತಾಗಿದೆ. ನಾನೂ ಎಸೆದಿಲ್ಲ.

ಕೂದಲ ವಿಷಯಕ್ಕೆ ನನಗೆ ನಗು ಬಂತು. ಭಾಗ್ಯನಗರದಲ್ಲಿ ಕೂತುಕೊಂಡು ಕೂದಲನ್ನು ಕಸ ಅಂತೀಯಲ್ಲ! ನಿನ್ನ ಊರಿನ ಎಷ್ಟು ಮನೆಯ ಒಲೆ ಉರಿಯೋದು ಅದರಿಂದಲೇ. ಊರೂರಿಂದ ಬಂದ ಉಂಡೆ ಕೂದಲಿನ ಸಿಕ್ಕು ಬಿಡಿಸಿ, ತೊಳೆದು, ಬಾಚಿ, ಉದ್ದ ಗಿಡ್ಡ ಬೇರೆ ಮಾಡಿ ಕಟ್ಟು ಕಟ್ಟಿ ಹೊರದೇಶದ ವಿಗ್ಗಿಗೆ ಕಳಿಸೋರು ನಿನ್ನ ಓಣಿಯಲ್ಲೇ ಇರಬೇಕು. ಅತ್ತೆ ಆ ಉಂಡೆಗೆ ಗಿರಾಕಿ ಇದೆ ಅಂತ ತಿಳಿದೇ ಇಟ್ಟಿದ್ದಾರೆ. ಅಡುಗೆಮನೆಯಲ್ಲಿ ಇಡಬೇಡಿ ಅಂತ ಹೇಳು, ಅಷ್ಟು ನ್ಯಾಯ.

ನೀರಿನ ಡ್ರಮ್ಮುಗಳನ್ನೂ ಕಸದ ಪಟ್ಟಿಗೆ ಸೇರಿಸಿದ್ದೀಯ. ನಳ ಯಾವತ್ತು ಬರುತ್ತದೋ ಗೊತ್ತಿಲ್ಲದ ಊರಿನಲ್ಲಿ ಡ್ರಮ್ಮು ಕಸ ಹೇಗಾಗುತ್ತದೆ? ಆದರೆ ವಾರಕ್ಕೊಮ್ಮೆ ಖಾಲಿ ಮಾಡಿ ಒಳಗಿನ ಗೋಡೆ ತಿಕ್ಕಿ ಒಣಗಿಸು. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿಗೆ, ಗೋಡೆಗೆ ಅಂಟಿಸಿ. ಬರೀ ನೀರು ಚೆಲ್ಲಿದರೆ ಮೊಟ್ಟೆ ಹೋಗೋದಿಲ್ಲ, ಒಣಗಿದ ಡ್ರಮ್ಮಿನಲ್ಲೂ ತಿಂಗಳುಗಟ್ಟಲೆ ಕಾದುಕೊಂಡಿರುತ್ತವೆ.

ಇನ್ನು ಕಾಯಿಲೆಯ ಪ್ರಶ್ನೆ. ಹೌದು, ಹಾಗೊಂದು ಕಾಯಿಲೆ ಇದೆ. ಮೊದಲು ಅದನ್ನು ಗೀಳು ಕಾಯಿಲೆಯ ಒಂದು ಲಕ್ಷಣ ಅಂತ ನೋಡುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಡಿಎಸ್‌ಎಂ-5 ಕೈಪಿಡಿ ಅದನ್ನು ಬೇರೆಯೇ ಕಾಯಿಲೆ ಅಂತ ಗುರುತಿಸಿತು. ಬೆಲೆ ಇರಲಿ ಬಿಡಲಿ, ಯಾವುದನ್ನೂ ಬಿಟ್ಟುಕೊಡಲಾಗದ ಸಂಕಟ, ಮಂಚದ ಮೇಲೆ ಮಲಗಲಾಗದಂತೆ, ಒಲೆ ಹಚ್ಚಲಾಗದಂತೆ ಸಾಮಾನು ತುಂಬಿ ಬದುಕೇ ತಡವರಿಸುವುದು, ಇವು ಅದರ ಗುರುತು. ನಿನ್ನ ಅತ್ತೆಗೆ ಅದು ಇರಬಹುದು, ಇಲ್ಲದಿರಬಹುದು. ಪತ್ರ ನೋಡಿ ನಾನು ಹೇಳೋಕಾಗಲ್ಲ, ವಿಡಿಯೋ ನೋಡಿ ನೀನೂ ಹೇಳೋಕಾಗಲ್ಲ. ಒಂದು ಮಾತ್ರ ಗಮನಿಸು: ಈ ರಾಶಿ ಮೊದಲಿಂದ ಇದ್ದದ್ದೋ, ಈಚೆಗೆ ಒಮ್ಮೆಲೇ ಬೆಳೆದದ್ದೋ? ಜೊತೆಗೆ ಮರೆವು, ಇಟ್ಟದ್ದು ಸಿಗದಿರೋದು, ಹಾಳಾದ ಊಟ ಮುಚ್ಚಿಡೋದು ಕಂಡರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರಕೊಂಡು ಹೋಗು. ಆ ವಯಸ್ಸಿನಲ್ಲಿ ಅದು ಮೆದುಳಿನ ಬೇರೆ ತೊಂದರೆಯ ಮುನ್ಸೂಚನೆ ಆಗಿರಬಹುದು. ಹೋಗೋದಕ್ಕೆ ಹಿಂಜರಿಕೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚು. ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ. ಕಾಯಿಲೆಯೇ ಇದ್ದರೂ ಚಿಕಿತ್ಸೆ ಕೊಡೋರು ಮೊದಲು ಹೇಳೋ ಮಾತು ಒಂದೇ, ಕೇಳದೆ ಎಸೆಯಬೇಡಿ. ಕೇಳದೆ ಖಾಲಿ ಮಾಡಿದ ಮನೆ ಮತ್ತೆ ತುಂಬುತ್ತದೆ. ನಿನ್ನ ಮನೆಯಲ್ಲಿ ಆದದ್ದೂ ಅದೇ ತಾನೇ?

ಈಗ ನನ್ನ ಸಿಟ್ಟಿಗೆ ಬರ್ತೀನಿ. ಅದು ನಿನ್ನ ಮೇಲಲ್ಲ, ಅತ್ತೆಯ ಮೇಲಂತೂ ಅಲ್ಲ. ಬೆಂಗಳೂರಿನ ನಿನ್ನ ಮೈದುನನ ಮೇಲೆ.

ಅವನ ಬಗ್ಗೆ ಒಂದೂವರೆ ಸಾಲು ಬರೆದಿದ್ದೀಯ. ಎರಡು ಸಲ ಬಾಡಿಗೆ ಮನೆ ಬದಲಿಸಿದ, ಎರಡು ಸಲವೂ ಸಾಮಾನು ನಿಮ್ಮಲ್ಲಿಗೆ ಕಳಿಸಿದ. ಡಬಲ್ ಮಂಚ, ಕೆಟ್ಟ ವಾಷಿಂಗ್ ಮಷೀನು, ಟೀವಿಯ ಡಬ್ಬ, ಮಗುವಿನ ನಡಿಗೆ ಗಾಡಿ, ಹದಿನೈದಿಪ್ಪತ್ತು ರಟ್ಟಿನ ಪೆಟ್ಟಿಗೆ. ಎಲ್ಲಿ ಇಟ್ಟಿರಿ? ಅತ್ತೆಯ ಖೋಲಿಯಲ್ಲಿ. ಅಲ್ಲಿಗೆ ಅತ್ತೆಯ ಚೀಲ ಪಡಸಾಲೆಗೆ ಬಂದವು. ನೀನು ಪಡಸಾಲೆಯಲ್ಲಿ ನೋಡಿ ನೋಡಿ ಉರಿದುಕೊಳ್ಳೋದು ಚೀಲವನ್ನ. ಜಾಗ ನುಂಗಿದ್ದು ಮಂಚ. ಆ ಮಂಚದ ಮೇಲೆ ಅತ್ತೆ ಮಲಗೋದೂ ಇಲ್ಲ ಅಂತ ನೀನೇ ಬರೆದಿದ್ದೀಯ, ಅದರ ಮೇಲೆ ಪೆಟ್ಟಿಗೆ ಇವೆ. ಎಪ್ಪತ್ತರ ಹೆಣ್ಣುಮಗಳು ಕೆಟ್ಟ ವಾಷಿಂಗ್ ಮಷೀನಿನ ಪಕ್ಕ ನೆಲಕ್ಕೆ ಚಾಪೆ ಹಾಸ್ಕೊಂಡು ಮಲಗ್ತಾಳೆ, ಕಾಯಿಲೆ ಮಾತ್ರ ಆಕೆಗೆ.

ಊರಿನ ಮನೆ ಅಂದರೆ ಗೋದಾಮು ಅಂತ ತಿಳಿದ ಇಂಥ ಮೈದುನರು, ಅಣ್ಣಂದಿರು, ಅಳಿಯಂದಿರು ನಮ್ಮ ಜಿಲ್ಲೆಯ ಮನೆಮನೆಗೂ ಒಬ್ಬೊಬ್ಬರಿದ್ದಾರೆ. ಬೆಂಗಳೂರಿನಲ್ಲಿ ಚದರಡಿಗೆ ಲೆಕ್ಕ ಹಾಕ್ತಾರೆ, ಊರಿನಲ್ಲಿ ಅವ್ವ ಎಲ್ಲಿ ಕಾಲು ಚಾಚಬೇಕು ಅನ್ನೋ ಲೆಕ್ಕ ಇಲ್ಲ. ಈ ಅಂಕಣ ಓದೋರಿಗೆ ಅಟ್ಟದ ಮೇಲಿನ ನನ್ನ ಹಗೆ ಗೊತ್ತೇ ಇದೆ. ಮನೆ ಕಟ್ಟಿಸುವಾಗ ಅಟ್ಟ ಬೇಡ ಅಂತ ಎಷ್ಟು ಮಂದಿಗೆ ಬರೆದಿದ್ದೀನೋ. ಈಗ ಮೈದುನನನ್ನೂ ಆ ಪಟ್ಟಿಗೆ ಸೇರಿಸ್ತೀನಿ. ನಿನ್ನ ಬುಟ್ಟಿ ಡಬ್ಬಿಗಳನ್ನೂ ಸೇರಿಸಬೇಕು. ಸಾಮಾನು ಹೆಚ್ಚಾಯ್ತು ಅಂತ ಇನ್ನಷ್ಟು ಸಾಮಾನು ಕೊಂಡು ತಂದವಳು ನೀನು, ಅತ್ತೆ ಅಂಥ ಕೆಲಸ ಮಾಡಿಲ್ಲ.

ಅಭ್ಯಾಸ ಯಾಕೆ ಹತ್ತುತ್ತಿಲ್ಲ ಅಂತ ಕೇಳಿದ್ದೀಯ. ಹದಿನಾಲ್ಕು ಕೆಲಸ ಒಮ್ಮೆಲೇ ಯಾರಿಗೂ ಹತ್ತೋದಿಲ್ಲ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಹತ್ತುತ್ತದೆ ಅಂತ ಮಂತ್ರ ಹೇಳ್ತಾರಲ್ಲ, ಅದನ್ನೂ ನಂಬಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಹಿಡಿದು ನೋಡಿದರು, 2010ರಲ್ಲಿ ಅಚ್ಚಾದ ಅಧ್ಯಯನ. ದಿನದ ಯಾವುದೋ ಒಂದು ಗೊತ್ತಾದ ಹೊತ್ತಿಗೆ ಒಂದೇ ಸಣ್ಣ ಕೆಲಸವನ್ನು ಗಂಟು ಹಾಕಿ ಮಾಡಲು ಹೇಳಿದರು. ಯೋಚಿಸದೆ ಕೈ ತಾನಾಗಿ ಹೋಗುವ ಮಟ್ಟ ಮುಟ್ಟಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗುವ ಲೆಕ್ಕ ಬಂತು. ಅದರಲ್ಲಿ ನನಗೆ ಹಿಡಿಸಿದ್ದು ಬೇರೆ. ನಡುವೆ ಒಂದು ದಿನ ತಪ್ಪಿದವರಿಗೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗಿರಲಿಲ್ಲ. ನೀನು ನಾಲ್ಕನೇ ದಿನ ತಪ್ಪಿದ್ದಕ್ಕೆ ಪಟ್ಟಿಯನ್ನೇ ಹರಿದೆ.

ಗೊತ್ತಾದ ಹೊತ್ತು ಹುಡುಕಲು ಲಂಡನ್ನಿಗೆ ಹೋಗಬೇಕಾಗಿಲ್ಲ. ನಿನ್ನ ಮನೆಯಲ್ಲಿ ದಿನಾ ಸಂಜೆ ಅತ್ತೆ ದೀಪ ಹಚ್ಚುತ್ತಾರೆ. ದೀಪ ಹಚ್ಚಿದ ಮೇಲೆ ಕಸಬರಿಗೆ ಮುಟ್ಟಬಾರದು ಅಂತ ನಿನಗೂ ನಿನ್ನವ್ವ ಹೇಳಿಕೊಟ್ಟಿರಬೇಕು. ಹಾಗಾಗಿ ನಾನು ಹೇಳೋದು ಒಂದೇ ಕೆಲಸ. ಅತ್ತೆ ದೀಪಕ್ಕೆ ಎಣ್ಣೆ ಹಾಕುವಷ್ಟರಲ್ಲಿ ಗ್ಯಾಸ್ ಕಟ್ಟೆ ಖಾಲಿ ಮಾಡಿ, ಹಸಿ ಬಟ್ಟೆಯಿಂದ ಒರೆಸು. ಬೆಳಿಗ್ಗೆ ಬೇಡ. ನಮ್ಮ ಕೊಪ್ಪಳದ ಕಾರ್ಖಾನೆಗಳ ಕರಿ ಧೂಳು ನಿನಗೆ ಗೊತ್ತಿದೆ, ಮುಂಜಾನೆ ಒರೆಸಿದ ಕಟ್ಟೆ ಮಧ್ಯಾಹ್ನಕ್ಕೆ ಬೆರಳಾಡಿಸಿದರೆ ಕಪ್ಪು, ಸುಮ್ಮನೆ ಮನಸ್ಸು ಮುರಿಯುತ್ತದೆ. ಸಂಜೆ ಒರೆಸಿದರೆ ರಾತ್ರಿಯ ರೊಟ್ಟಿಯನ್ನಾದರೂ ಚೊಕ್ಕ ಕಟ್ಟೆ ಮೇಲೆ ಬಡೀತೀಯ.

ಕಟ್ಟೆಯ ಮೇಲಿಂದ ತೆಗೆದದ್ದರಲ್ಲಿ ನಿನ್ನದು ನಿನ್ನ ಜಾಗಕ್ಕೆ ಹೋಗಲಿ. ಅತ್ತೆಯದು ಏನೇ ಇರಲಿ, ಖಾಲಿ ಡಬ್ಬಿಯಾಗಲಿ, ರಬ್ಬರ್ ಬ್ಯಾಂಡಾಗಲಿ, ಅವರ ಕೈಗೆ ಕೊಡು. ಮೂಲೆಗೆ ಸರಿಸಬೇಡ, ಮಗನ ಕೈಲಿ ಕಳಿಸಬೇಡ, ‘ಇದ್ಯಾಕ್ ಬೇಕ್ರೀ’ ಅಂತ ಕೇಳಬೇಡ. ‘ಅತ್ತಿ, ಇದು ನಿಮ್ದು’ ಅನ್ನು, ಕೈಗೆ ಇಡು. ಮೊದಲ ವಾರ ಅನುಮಾನದಿಂದ ಮುಖ ನೋಡ್ತಾರೆ. ನೋಡಲಿ. ಒಂದು ದಿನ ‘ಇದನ್ನ ಒಗೀ ಅತ್ಲಾಗ’ ಅಂತ ಅವರೇ ಅಂದರೆ ಆಗ ಎಸಿ, ಅದೊಂದೇ ಎಸಿ. ಅದೇ ಖುಷಿಯಲ್ಲಿ ಪಕ್ಕದ ಚೀಲಕ್ಕೆ ಕೈ ಹಾಕಬೇಡ. 66 ದಿನದ ತನಕ ಇಷ್ಟೇ. ಕಪಾಟು, ಬಚ್ಚಲು, ಮಕ್ಕಳ ಪುಸ್ತಕ ಯಾವುದೂ ಬೇಡ. ಫ್ರಿಜ್ಜಿನ ಮೇಲೆ ಪಟ್ಟಿಯೂ ಬೇಡ.

ಮೂರು ಚೀಲದ ಬಗ್ಗೆ ಕ್ಷಮೆ ಕೇಳಬೇಕಾ? ಕೇಳು, ಆದರೆ ನೀನೊಬ್ಬಳೇ ಅಲ್ಲ. ‘ಹಾಕಿದ್ವಿ’ ಅಂತ ಬರೆದಿದ್ದೀಯ, ‘ಹಾಕಿದೆ’ ಅಂತಲ್ಲ. ಚೀಲ ಹೊತ್ತು ಗುಜರಿ ಗಾಡಿಗೆ ಎತ್ತಿಕೊಟ್ಟವನು ಅತ್ತೆಯ ಮಗ, ನಿನ್ನ ಗಂಡನೇ ಇರಬೇಕು. ಪತ್ರದ ಉಳಿದ ಭಾಗದಲ್ಲಿ ಅವನು ಎಲ್ಲೂ ಕಾಣಲಿಲ್ಲ. ಅವನೂ ಬಂದು ನಿಲ್ಲಲಿ.

ಹುಲಿಗಿಗೆ ಹೋಗಿಬರ್ರಿ ಅಂತ ನೀನಾಗಿ ಹೇಳಬೇಡ, ಮತ್ತೆ ಚೀಲ ಹೊರೋ ಹುನ್ನಾರ ಅಂದುಕೊಳ್ತಾರೆ. ಅವರಾಗಿ ಹೊರಟ ದಿನ ಬಸ್ ಸ್ಟ್ಯಾಂಡ್ ತನಕ ಬಿಟ್ಟು ಬಾ. ಕೀಲಿಕೈ ಅವರ ಸೊಂಟದಲ್ಲೇ ಹೋಗಲಿ.

ಮೈದುನನಿಗೆ ಮಾತ್ರ 66 ದಿನ ಕೊಡಬೇಡ. ಮಂಚ, ಮಷೀನು, ಪೆಟ್ಟಿಗೆ ಅವನವು, ಬಂದು ಒಯ್ಯಲಿ, ಇಲ್ಲಾ ಮಾರಿ ದುಡ್ಡು ಅವ್ವನ ಕೈಗೆ ಕೊಡ್ರಿ ಅನ್ನಲಿ. ಈ ಮಾತು ನಿನ್ನ ಬಾಯಿಂದ ಹೋದರೆ ಜಗಳ. ಅವನ ಅಣ್ಣ ಮನೆಯಲ್ಲೇ ಇದ್ದಾನಲ್ಲ? ಇವತ್ತು ರಾತ್ರಿ ಊಟಕ್ಕೆ ಕೂರೋ ಮುಂಚೆ ಫೋನ್ ಹಚ್ಚಲಿಕ್ಕೆ ಹೇಳು.